ನಾಲ್ಕು ಬೆರಳಿನ ಅರಿಸಿನ

ಚಾಮರಾಜನಗರ, ಮೇ 1997

ಅಪ್ಪಾ,

ನೀನು ಹೋಗಿ ಎರಡು ವರ್ಷದ ಮೇಲೆ, ಇವತ್ತು ಹರವೆ ಹತ್ತಿರ ನೀನು ದುಡಿದ ಕಲ್ಲುಗಣಿಗೆ ಹೋಗಿದ್ದೆ. ಮಗನಾಗಿ ಅಲ್ಲ, ಬಂದರಿನ ಟ್ರಾಫಿಕ್ ಮ್ಯಾನೇಜರ್ ಆಗಿ, ಹಡಗಿಗೆ ಬರುವ ಕರಿಕಲ್ಲು ನೋಡಲು.

ಅಲ್ಲಿ ಗುಂಡ್ಲುಪೇಟೆ ಕಡೆಯ ಮೂಗಯ್ಯ ಎಂಬ ಮುದುಕನಿದ್ದ. ಅವನಿಗೆ ನನ್ನ ಗುರುತಿಲ್ಲ. ಕಲ್ಲನ್ನು ಲಾರಿಗೆ ಏರಿಸುವ ಮುನ್ನ ಅಂಗೈಗೆ ಅರಿಸಿನ ಬಳಿದುಕೊಂಡು, ಕಿರುಬೆರಳು ಮಡಿಚಿ, ಕಲ್ಲಿನ ಮೇಲೆ ಒತ್ತಿದ. ನಾಲ್ಕೇ ಬೆರಳು ಮೂಡಿದವು. ನಿನ್ನ ಕಿರುಬೆರಳು ಕಲ್ಲಿನಡಿ ಸಿಕ್ಕಿ ತುಂಡಾದಾಗ ನಾನು ಐದನೇ ಕ್ಲಾಸು.

"ಇದೇನು?" ಎಂದೆ.

"ನಮ್ ದೊಡ್ಡಬೀರಯ್ಯನ ಕೈ ಕಣ್ ಸಾರ್. ಮಗ ಬಂದರಲ್ಲಿ ದೊಡ್ ಸಾಯೇಬ್ರು. ಅವ್ರು ನೋಡ್ಲಿ ಅಂತ ಎಲ್ಲಾ ಕಲ್ಗೂ ಒತ್ತಿ ಕಳುಸ್ತಿದ್ದ. ಅವ್ನು ಸತ್ಮೇಲೂ ನಾವು ಬುಡ್ಲಿಲ್ಲ."

ಕಲ್ಲುಗಳನ್ನು ತೊಳೆದೇ ಹಡಗಿಗೆ ಏರಿಸಬೇಕೆಂದು ಎಂಟು ವರ್ಷದ ಹಿಂದೆ ಆದೇಶ ಮಾಡಿದವನು ನಾನು. ಕೆಳಗಿಳಿದು ಒಂದು ಕಲ್ಲನ್ನೂ ನೋಡಿದವನಲ್ಲ. ಹಳದಿ ನೀರು ಸಮುದ್ರಕ್ಕೆ ಹರಿಯುವುದನ್ನು ಮಾತ್ರ ಕಚೇರಿಯ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದೇನೆ.

"ಒಂದ್ ಕಲ್ಲಾದ್ರೂ ಅವ್ರ ಕಣ್ಗೆ ಬಿದ್ದಿರ್ತದೆ, ಅಲ್ವಾ ಸಾರ್?"

"ಬಿದ್ದಿರುತ್ತೆ," ಎಂದೆ.

ಮೂಗಯ್ಯ ಸಮಾಧಾನದಿಂದ ಮುಂದಿನ ಕಲ್ಲಿಗೆ ಕಿರುಬೆರಳು ಮಡಿಚಿದ.