ತಗಡಿನ ಶೆಡ್ಡಿನ ಟಗರು

ವಿಲ್ಗಾರ, ಮಾರ್ಚ್ ೨೦

ನನ್ನ ಜಾಣಮರಿ ಫಿಲಿಪಾಗೆ,

ನಿನ್ನ ಪ್ರಯೋಗಾಲಯದ ವರದಿ ಬಂತು. ನಮ್ಮ ಟಗರು ಡ್ಯೂಕನ ಬೀಜದಲ್ಲಿ ಕಿಣ್ವದ ಕೆಲಸ ಕುಗ್ಗಿದೆ, ಇನ್ನು ಮರಿಯಾಗುವುದು ಕಷ್ಟ, ವಯಸ್ಸು ಕಾರಣವಿರಬಹುದು ಎಂದು ಬರೆದಿದ್ದೀಯೆ. ಅದನ್ನೋದಿದ ನಿಮ್ಮಪ್ಪ ಸೋಮವಾರಕ್ಕೇ ಕಸಾಯಿಖಾನೆಯ ಲಾರಿಗೆ ಹೇಳಿದ್ದಾನೆ.

"ಮುದಿಯಾಯ್ತಮ್ಮ, ಇನ್ಯಾಕೆ ಸಾಕೋದು?" ಅಂದ.

"ನಂಗೂ ಎಂಬತ್ತಾಯ್ತು, ಲಾರೀಲಿ ಜಾಗ ಇದ್ಯೇನೋ?" ಅಂದೆ.

ನಾನು ನಾಲ್ಕನೇ ಕ್ಲಾಸಿನವಳು, ಕಿಣ್ವ ಗಿಣ್ವ ಗೊತ್ತಿಲ್ಲ. ಆದರೆ ನಿಮ್ಮ ತಾತ ಪ್ರತಿ ಬೇಸಿಗೆಗೆ ಮೊದಲು ಟಗರುಗಳ ಬೀಜದ ಮೇಲಿನ ಉಣ್ಣೆ ಕತ್ತರಿಸಿ, ಕೈಯಲ್ಲಿ ಹಿಡಿದು ನೋಡಿ, ಹಿತ್ತಲಿನ ದೊಡ್ಡ ಪೆಪ್ಪರ್ ಮರದ ನೆರಳಿಗೆ ಬಿಡುತ್ತಿದ್ದರು. "ಇದು ತಂಪಾಗಿದ್ರೇನೇ ಮರಿ ಕಣೇ, ಡೋರೀನ್" ಅನ್ನುತ್ತಿದ್ದರು. ಡ್ಯೂಕನಿಗಿಂತ ಮುದಿ ಟಗರುಗಳಿಗೂ ಆಗ ಮರಿಗಳಾಗಿವೆ.

ನಿನ್ನ ವರದಿಯಲ್ಲಿ ಇಲ್ಲದ್ದೊಂದನ್ನು ಹೇಳುತ್ತೇನೆ. ಆ ಮರದಡಿ ತಾತನ ಕುರ್ಚಿ ಹಾಗೇ ಇದೆ. ಅವರು ಹೋದ ಮೇಲೆ ಅತ್ತ ಕಾಲಿಡಲಾರದೆ, ಈಗಷ್ಟೇ ಮುಗಿದ ಬೇಸಿಗೆಯ ಉರಿಯಲ್ಲಿ ಡ್ಯೂಕನನ್ನು ತಗಡಿನ ಶೆಡ್ಡಿನಲ್ಲಿ ಕೂಡಿಹಾಕಿಸಿದ್ದು ನಾನೇ. ಉಣ್ಣೆಯನ್ನೂ ಕತ್ತರಿಸಲಿಲ್ಲ. ತಪ್ಪು ನನ್ನದು, ಲಾರಿ ಅವನಿಗೆ.

ಬಿಸಿಲು ಬಡಿದ ಟಗರು ಚೇತರಿಸಿಕೊಳ್ಳಲು ಎರಡು ತಿಂಗಳು ಬೇಕೆನ್ನುತ್ತಿದ್ದರು ತಾತ. ಮೇ ಕೊನೆಯಲ್ಲಿ, ಇಲ್ಲಿ ಚಳಿ ಶುರುವಾಗುವ ಹೊತ್ತಿಗೆ, ಮತ್ತೊಮ್ಮೆ ಪರೀಕ್ಷೆ ಮಾಡು. ಅಲ್ಲಿಯವರೆಗೆ ಲಾರಿ ಬೇಡವೆಂದು, ಈ ಕಾಗದ ಕಂಡ ಕೂಡಲೇ ಅಪ್ಪನಿಗೆ ಫೋನ್ ಮಾಡು. ಅವನು ನನ್ನ ಮಾತು ಕೇಳುವುದಿಲ್ಲ, ಓದಿದವಳ ಮಾತು ಕೇಳುತ್ತಾನೆ.

ನಿನ್ನೆ ಡ್ಯೂಕನನ್ನು ಮರದಡಿಗೆ ತಂದು ಕಟ್ಟಿದೆ. ಕುರ್ಚಿಯ ಧೂಳು ಒರೆಸಿದೆ. ಸಂಜೆಯ ಟೀ ಅಲ್ಲೇ ಕುಡಿದೆ.

ನಿನ್ನ ಅಜ್ಜಿ,
ಡೋರೀನ್