ಬಲಗೈಯಲ್ಲೇ ಕೊಡಬೇಕು

ಮಾರ್ಚ್ 3, ಸೋಮವಾರ
ಮತ್ತೆ ಸಾವಿನ ಮನೆ ವಿಡಿಯೋ. ಸತ್ತವರ ಫೋಟೋ, ಸುತ್ತ ಕೆಂಪು-ಕಪ್ಪು ಅಂಚು. ಹೆಸರು ತೇಲಿ ಬರಬೇಕು, ಹೂವು ಉದುರಬೇಕು. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ನಮ್ಮ ಕುಮಾಸಿ ಊರಲ್ಲಿ ಶನಿವಾರ ಬಂದರೆ ಎಲ್ಲಾದರೂ ಒಂದು ಅಂತ್ಯಕ್ರಿಯೆ ಇದ್ದೇ ಇರುತ್ತೆ. ಅಡೊಮಾಕೊ ಬಾಸ್‌ನ ಸ್ಟುಡಿಯೋಗೆ ಕೆಲಸಕ್ಕೆ ಬರವಿಲ್ಲ. ನನಗೆ ಬೇಜಾರಿಗೆ ಬರವಿಲ್ಲ. ಸ್ಕೂಲು ಬಿಟ್ಟಿದ್ದೂ ಈ ಬೇಜಾರಿಗೇ...

ಮಾರ್ಚ್ 4
ಮಾಮೆ ಸರ್ಪೊಮಾ ಬಂದಿದ್ದರು; ಎಲ್ಲರೂ ಅವರನ್ನ ಮಾಮೆ, ಅಂದರೆ ಅಮ್ಮ, ಅಂತಲೇ ಕರೆಯೋದು. ಕಪ್ಪು ಸೋಪಿನ ವ್ಯಾಪಾರ, ದೊಡ್ಡ ಗಂಟಲು. ಹೊಸ ಅಂಗಡಿ ತೆರೆಯುವ ದಿನ ಬಾಗಿಲ ಮುಂದೆ ದೊಡ್ಡ ಪರದೆಯಲ್ಲಿ ಜಾಹೀರಾತು ಓಡಬೇಕಂತೆ. ಕಾರ್ಟೂನ್ ಗೊಂಬೆ ಹೆಂಗಸು ತಲೆ ಮೇಲೆ ಸೋಪಿನ ಬೋಗುಣಿ ಹೊತ್ತು ನಡೆದು ಬರಬೇಕು, ಗಿರಾಕಿಗಳಿಗೆ ಸೋಪು ಕೊಡಬೇಕು. ಇದೆಲ್ಲ ನಮಗೆ ನೀರು ಕುಡಿದಷ್ಟು ಸುಲಭ ಅಂದ ಬಾಸ್. ಬಾಯಿ ಮುಚ್ಚಿಕೊಂಡು ಇರಬಹುದಿತ್ತು ನಾನು.

"ಇಲ್ಲ ಮಾಮೆ. ಮನುಷ್ಯರನ್ನ ನಡೆಸೋಕೆ ನನಗೆ ಬರಲ್ಲ. ಕಲಿತು ಮಾಡ್ತೀನಿ."

ಮೇಜಿನ ಕೆಳಗೆ ಬಾಸ್ ನನ್ನ ಕಾಲು ತುಳಿದ. ಮಾಮೆ ನನ್ನನ್ನೇ ನೋಡಿದರು.

"ಕಲಿ ಮಗಳೇ. ಕೆಟ್ಟದಾಗಿ ಬಂದ್ರೆ ಮಾತ್ರ ಸೋಪಿನ ಜೊತೆ ನಿನ್ನ ಹೆಸರನ್ನೂ ಮಾರ್ಕೆಟ್ ತುಂಬಾ ಹಂಚಿ ಬರ್ತೀನಿ."

ಅವರು ಹೋದ ಮೇಲೆ ಬಾಸ್ ಮೆಲ್ಲಗೆ ಅಂದ: "ಈ ಕೆಲಸ ಹೋದ್ರೆ ನೀನೂ ಹೋಗ್ತೀಯ, ದುಫಿಯೆ."

ಮಾರ್ಚ್ 7
ನನ್ನ ಗೊಂಬೆ ಹೆಂಗಸು ಕಾಲು ಮುರಿದ ಮೇಕೆಯ ಹಾಗೆ ನಡೀತಾಳೆ. ಕೈಕಾಲನ್ನೆಲ್ಲ ಕೀಲುಕೀಲಾಗಿ ಬಿಡಿಸಿ ಮತ್ತೆ ಜೋಡಿಸಿದ್ದೇ ಬಂತು. ಆನ್‌ಲೈನ್ ಪಾಠದ ಗೊಂಬೆಗಳ ತಲೆ ಮೇಲೆ ಏನೂ ಇರಲ್ಲ, ಆರಾಮಾಗಿ ಕುಪ್ಪಳಿಸುತ್ತವೆ. ನನ್ನವಳು ಹಾಗೆ ಕುಪ್ಪಳಿಸಿದರೆ ಸೋಪೆಲ್ಲ ಚರಂಡಿಗೆ.

ಮಧ್ಯಾಹ್ನ ರಸ್ತೆಗೆ ಹೋಗಿ ನಿಂತೆ. ತಲೆ ಮೇಲೆ ಬೋಗುಣಿ ಹೊತ್ತು ನೀರು ಮಾರುವ ಹುಡುಗಿಯರನ್ನ ನೋಡುತ್ತಾ. ಕುತ್ತಿಗೆಯಿಂದ ಮೇಲೆ ಅಲ್ಲಾಡುವುದೇ ಇಲ್ಲ. ಎಲ್ಲ ಸೊಂಟದಲ್ಲಿ. ಓಡಿ ಬಂದು ಗೊಂಬೆಯ ತಲೆ ಅಲುಗದ ಹಾಗೆ ಕಟ್ಟಿಹಾಕಿದೆ, ಸೊಂಟ ಬಿಟ್ಟೆ.

ನಡೆದಳು.

ಮಾರ್ಚ್ 13, ಮಧ್ಯಾಹ್ನ
ಮುಗೀತು. ಬಲಕ್ಕೊಬ್ಬ ಗಿರಾಕಿ, ಎಡಕ್ಕೊಬ್ಬ. ಅವಳನ್ನ ಎಡಗಡೆಯವನತ್ತ ತಿರುಗಿಸಲು ಪಾಠದಲ್ಲಿದ್ದ ಉಪಾಯ: ಕನ್ನಡಿಯಲ್ಲಿ ಕಂಡ ಹಾಗೆ ಅವಳ ಇಡೀ ಚಿತ್ರ ಮಗುಚಿಬಿಡು. ಒಂದೇ ಕ್ಲಿಕ್. ಮಾಮೆ ನೋಡಿ ಒಪ್ಪಿದರಂತೆ. ಬಾಸ್ ಸಿಳ್ಳೆ ಹಾಕುತ್ತಾ ಓಡಾಡುತ್ತಿದ್ದಾನೆ.

ಸಂಜೆ
ಜೋಳದ ಕೆಂಕೆ ಉಂಡೆ ತಿನ್ನುತ್ತಾ ಇನ್ನೊಮ್ಮೆ ನೋಡಿದೆ. ಚಿತ್ರ ಮಗುಚಿದಾಗ ಬಲಗೈ ಎಡಗೈ ಆಗಿದೆ. ಎರಡನೇ ಗಿರಾಕಿಗೆ ಎಡಗೈಯಲ್ಲಿ ಸೋಪು. ಅಂಗಡಿ ತೆರೆಯುವ ದಿನ, ಇಡೀ ಮಾರ್ಕೆಟ್ ಎದುರು, ಗಿರಾಕಿಗೆ ಎಡಗೈ...

ಗೊಂಬೆಯ ಕೈ ಯಾರು ನೋಡ್ತಾರೆ, ಒಪ್ಪಿ ಆಗಿದೆಯಲ್ಲ ಅಂದ ಬಾಸ್. ನಾನೇ ಮಾಮೆಗೆ ಫೋನ್ ಮಾಡಿ ಹೇಳಿದೆ. "ನನ್ನ ಕಣ್ಣಿಗೆ ಬೀಳಲಿಲ್ಲ, ನಮ್ಮತ್ತೆ ಕಣ್ಣಿಗೆ ಬೀಳದೆ ಇರ್ತಿರಲಿಲ್ಲ" ಅಂದರು. ಶನಿವಾರ ಅಂಗಡಿ ತೆರೆದು ಪರದೆ ಬೆಳಗುವ ಹೊತ್ತಿಗೆ ಸರಿಯಾದದ್ದು ಬರಬೇಕು. ಬರದಿದ್ದರೆ ಕೆಲಸವೇ ಬೇಡ ಅಂತ ಫೋನ್ ಇಟ್ಟರು.

ಮಾರ್ಚ್ 14
ಕನ್ನಡಿ ಆಟ ಇಲ್ಲ. ನಿಜವಾಗಿ ತಿರುಗಬೇಕು ಅವಳು. ಎದುರು ಮುಖ ಬರೆದೆ, ಆ ಕಡೆಯ ಮೈ ಬರೆದೆ. ಬೋಗುಣಿ ಹೊತ್ತವಳು ಬರೀ ಕತ್ತು ತಿರುಗಿಸಲ್ಲ — ಪಾದ, ಸೊಂಟ, ಭುಜ, ಕೊನೆಗೆ ಕಣ್ಣು. ಬೆಳಗ್ಗೆಯಿಂದ ಎದ್ದಿಲ್ಲ. ಬಾಸ್ ವಾಚೆ, ಅಲಸಂದೆ ಅನ್ನದ ಪೊಟ್ಟಣ ತಂದು ಪಕ್ಕದಲ್ಲಿಟ್ಟು ಹೋದ. ಮೇಲೆ ಒಂದು ಮೊಟ್ಟೆನೂ ಇತ್ತು.

ಮಾರ್ಚ್ 15, ಶನಿವಾರ
ಪರದೆ ಬೆಳಗಿತು. ನನ್ನ ಹೆಂಗಸು ಎರಡಾಳೆತ್ತರ. ನಡೆದು ಬಂದಳು, ಕೊಟ್ಟಳು. ನಿಧಾನಕ್ಕೆ ತಿರುಗಿದಳು. ಬೋಗುಣಿ ಅಲುಗಲಿಲ್ಲ. ಬಲಗೈ ಚಾಚಿದಳು. ಸೊಪ್ಪಿನವರು ವ್ಯಾಪಾರ ಬಿಟ್ಟು ಬಂದು ನಿಂತರು. ಮತ್ತೆ ಹಾಕಿ ಅಂತ ಕೂಗು.

ಮುಂದಿನ ಕುರ್ಚಿಯಲ್ಲಿ ಮಾಮೆಯ ಅತ್ತೆ. ಕಣ್ಣು ಕಿರಿದು ಮಾಡಿಕೊಂಡು ಮೂರು ಸಲ ನೋಡಿತು ಮುದುಕಿ. ಆಮೇಲೆ ಪರದೆಯ ಮೇಲಿನವಳನ್ನ ತೋರಿಸಿ ಸೊಸೆಯ ಕಡೆ ತಿರುಗಿ:

"ಈ ಹುಡುಗಿ ಒಳ್ಳೆ ಮನೆಯವಳು. ಯಾರ ಮಗಳು?"

ಮಾಮೆ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ನನಗೆ ನಗು, ಅಳು, ಎರಡೂ.

ಮಾರ್ಚ್ 17
ಹೊಸ ಗಿರಾಕಿ. ತೀರಿಕೊಂಡ ಅಜ್ಜಿ ಕೈಬೆರಳಲ್ಲೇ ಮಾತಾಡುವ ಅಡೋವಾ ಕುಣೀತಿದ್ದಳಂತೆ. ಬರೀ ಫೋಟೋ ಬೇಡ, ಕುಣಿಯೋ ಹಾಗೆ ಮಾಡಿ ಅಂದ. ಬಾಸ್ ಬಾಯಿ ತೆರೆದ, ನನ್ನ ಮುಖ ನೋಡಿದ, ಮುಚ್ಚಿದ. ಆಮೇಲೆ ತಾನೇ ಹೇಳಿದ: "ಇವಳಿಗಿನ್ನೂ ಬರಲ್ಲ. ಮುಂದಿನ ವಾರ ಬರುತ್ತೆ."

ಕನ್ನಡಿ ಮುಂದೆ ನಿಂತು ಕುಣಿದು ನೋಡುತ್ತಿದ್ದೇನೆ. ಮೊದಲು ಮಣಿಕಟ್ಟು ಏಳುತ್ತಾ, ಇಲ್ಲ ಬೆರಳಾ? ಇನ್ನೊಂದು ಸಲ —