ನಾವು ಅಂದರೆ ಯಾರು

ಟೀವಿಯ ಶೇರು ಸಾಹೇಬರಿಗೆ,

ನಿಮ್ಮ ಡ್ರೈವರನ ಹೆಂಡತಿಯ ನಮಸ್ಕಾರ. ನಾಳೆ ಬೆಟ್ಟದ ಮೇಲಿನ ಮೀಟಿಂಗಿಗೆ ದಯವಿಟ್ಟು ಬೇರೆ ಗಾಡಿಯಲ್ಲಿ ಹೋಗಿ. ನಮ್ಮವರಿಂದ ಕಾರಿನ ಕೀ ಇಸಿದುಕೊಳ್ಳಿ, ಈ ಕಾಗದದ ಸುದ್ದಿ ಎತ್ತಬೇಡಿ. ನಿಮ್ಮ ಮೇಲಿನ ಕನಿಕರಕ್ಕೆ ಬರೆಯುತ್ತಿಲ್ಲ.

ಟೀವಿಯಲ್ಲಿ ನೀವು "ನಾವು ಈ ಶೇರು ತಗೊಳ್ಳೋಣ" ಎಂದಾಗಲೆಲ್ಲ ಇವರು ಆ "ನಾವು" ಎನ್ನುವುದರಲ್ಲಿ ತಮ್ಮನ್ನೂ ಸೇರಿಸಿಕೊಂಡರು. ಒಂದೇ ಕಾರಿನಲ್ಲಿ ಓಡಾಡುವವರಲ್ಲವೇ! ತಂಗಿಗೂ ಧೈರ್ಯ ಹೇಳಿ, ಅವಳ ಮನೆ ಮಾರಿದ ದುಡ್ಡನ್ನೂ ಹಾಕಿಸಿದರು. ಬೆಲೆ ಇಳಿಯತೊಡಗಿದಾಗ ನೀವು "ಯಾರೂ ಮಾರಬೇಡಿ, ಹಿಡ್ಕೊಳ್ಳಿ" ಎಂದಿರಿ. ಅದೇ ಸಂಜೆ ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ, "ನಮ್ದೆಲ್ಲ ಮಾರಿ ಆಯ್ತಾ?" ಎಂದು ಕೇಳಿದಿರಂತೆ. ಡ್ರೈವರಿಗೂ ಕಿವಿ ಇರುತ್ತದೆ ಸಾಹೇಬರೇ. ಆ "ನಮ್ದು" ಎನ್ನುವುದರಲ್ಲಿ ತಾವಿಲ್ಲ ಎಂಬುದು ಇವರಿಗೆ ಅವತ್ತು ಗೊತ್ತಾಯಿತು.

ನಾದಿನಿ ಈಗ ನಮ್ಮ ಅಡುಗೆಮನೆಯಲ್ಲಿ ಮಲಗುತ್ತಾಳೆ. ಅಣ್ಣನಿಗೆ ಒಂದು ಮಾತೂ ಅಂದಿಲ್ಲ. ಬೈದು ಬಿಟ್ಟಿದ್ದರೆ ಚೆನ್ನಾಗಿತ್ತು.

ಇವರೂ ಯಾರ ಮೇಲೂ ಕೂಗಾಡಿಲ್ಲ. ಬೆಳಿಗ್ಗೆಯಿಂದ ಹಾಡು ಗುನುಗುತ್ತ ನಿಮ್ಮ ಕಾರು ಒರೆಸುತ್ತಿದ್ದರು. ಆಮೇಲೆ ಒಳಗೆ ಬಂದು ವಾಚು, ಉಂಗುರ ತೆಗೆದು ನನ್ನ ಕೈಗಿಟ್ಟರು.

"ಯಾಕ್ರೀ? ನಾಳೆ ಬೆಟ್ಟಕ್ಕೆ ಯಾರ್ಯಾರು ಹೋಗ್ತಿರೋದು?" ಎಂದೆ.

ನಕ್ಕರು. "ನಾವು" ಎಂದರು.

ಇಂತಿ,
ನಾಳಿದ್ದೂ ನಿಮ್ಮ ಡ್ರೈವರನ ಹೆಂಡತಿಯಾಗಿಯೇ ಇರಬೇಕೆನ್ನುವವಳು